ಹಾಲೇಶ ತಂದ ಹೊಸಬರ ಪೆಟ್ಟಿಗೆ

ನಗೋದಿದ್ರೆ ಈಗಲೇ ನಕ್ಕುಬಿಡ್ರಪ್ಪಾ, ಆಮೇಲೆ ನಗು ಬರುತ್ತೋ ಇಲ್ಲವೋ.

ಹರಿಹರದಲ್ಲಿ ಕೊಟ್ರಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬ ಮಗ, ಹಾಲೇಶ. ವಯಸ್ಸು ಮೂವತ್ತು. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನ ಹೇಳಿದ ಹಂಗೇ ಮಾಡೋನು. "ಇವನನ್ನ ಕಟ್ಕೊಂಡು ಏನು ಮಾಡ್ಲೋ ಶಿವನೇ!" ಅಂತ ಅವ್ವ ಹಣೆ ಬಡ್ಕೊಳ್ಳೋಳು.

ಕೊಟ್ರಮ್ಮನ ಮಗಳ ಮಗಳು ಇಂಚರ ಕಾಲು ಮುರ್ಕೊಂಡು ಅಜ್ಜಿ ಮನೇಲಿ ಮಲಗಿದ್ದಳು. ತಿಂಗಳಾಯ್ತು, ನಗೋದೇ ಮರೆತಿದ್ದಳು. ಒಂದು ದಿನ ಬಾಯಿಬಿಟ್ಟು ಕೇಳಿದಳು.

"ಅಜ್ಜೀ, ನಂಗೆ ಕತೆ ಆಟ ಬೇಕು. ಒಬ್ಬರು ಕತೆ ಹೇಳೋದು, ಉಳಿದೋರು ಕತ್ತಿವೀರ, ಮಾಟಗಾತಿ ಆಗಿ ದಾಳ ಉರುಳಿಸೋದು. ಹೊಸಬರಿಗೆ ಅಂತಲೇ ಸ್ಟಾರ್ಟರ್ ಸೆಟ್ ಬರುತ್ತೆ."

"ಹೋಗೋ ಹಾಲೇಶಾ, ದಾದಾಪೀರನ ಆಟಿಕೆ ಅಂಗಡಿಗೆ. ಹೊಸಬರಿಗೆ ಹಗುರ ಇರೋದನ್ನ ಆರಿಸ್ಕೊಂಡು ಬಾ!"

"ಸರಿ ಅವ್ವಾ, ಹಂಗೇ ಮಾಡ್ತೀನಿ."

ಹೋದ. ಒಂದೊಂದೇ ಪೆಟ್ಟಿಗೆ ಎತ್ತಿ ಎತ್ತಿ ತೂಗಿದ. ಎಲ್ಲಕ್ಕಿಂತ ಹಗುರವಾದ್ದನ್ನ ತಂದ. ಅದು ಶೋಕೇಸಿನಲ್ಲಿಟ್ಟಿದ್ದ ಖಾಲಿ ಡಬ್ಬ!

"ಅಯ್ಯೋ ಪೆದ್ದೇ! ಹಗುರ ಅಂದ್ರೆ ಕಲಿಯೋಕೆ ಹಗುರ ಕಣೋ! ಒಳಗೆ ಪಾತ್ರ ಇರಬೇಕು, ರೆಡಿ ಪಾತ್ರ!"

"ಸರಿ ಅವ್ವಾ, ಹಂಗೇ ಮಾಡ್ತೀನಿ."

ಹೋದ. ಪೆಟ್ಟಿಗೆ ತಂದ. ತೆಗೆದು ನೋಡಿದ್ರೆ ಅಡುಗೆ ಆಟದ ಎರಡು ತಪ್ಪಲೆ, ಒಂದು ಚೊಂಬು, ಒಂದು ಸೌಟು!

"ಪಾತ್ರೆ ಅಲ್ವೋ! ಪಾತ್ರ! ಪಾತ್ರ ಅಂದ್ರೆ ಜನ! ಒಳಗೆ ಜನ ಇದಾರಾ ಅಂತ ಕೇಳಿ ತಗೊಂಬಾರೋ!"

"ಸರಿ ಅವ್ವಾ, ಹಂಗೇ ಮಾಡ್ತೀನಿ."

ಹೋದ. ಪ್ರತಿ ಪೆಟ್ಟಿಗೆಗೂ ಬಾಯಿಟ್ಟು ಕೇಳಿದ.

"ಒಳಗೆ ಜನ ಇದೀರಾ?"

ಮಾತಿಲ್ಲ.

"ಒಳಗೆ ಜನ ಇದೀರಾ?"

ಮಾತಿಲ್ಲ.

ಕೆಳಗಿನ ಕಪಾಟಿನ ಮೂಲೇಲಿ ಒಂದು ಕಪ್ಪು ಪೆಟ್ಟಿಗೆ. "ಒಳಗೆ ಜನ ಇದೀರಾ?"

"ಇದೀವಿ," ಅಂತು ಪೆಟ್ಟಿಗೆ. "ನಾಲ್ಕು ಜನ."

ಹಾಲೇಶನಿಗೆ ಖುಷಿಯೋ ಖುಷಿ! ದಾದಾಪೀರನ ಕೈಯಿಂದ ಚಹಾ ಲೋಟ ಜಾರಿ ಬಿತ್ತು. "ಅದು ನಾನು ತರಿಸಿದ ಮಾಲಲ್ಲ. ತಗೊಂಡು ಹೋಗು ಮಾರಾಯಾ. ವಾಪಸ್ ಮಾತ್ರ ತರಬೇಡ!"

ಮಧ್ಯಾಹ್ನ ಮೂರು ಗಂಟೆ. ಮನೇಲಿ ಪೆಟ್ಟಿಗೆ ತೆಗೆದರು. ದಾಳ ಇತ್ತು. ತೆಳ್ಳನೆ ಪುಸ್ತಕ ಇತ್ತು. ನಾಲ್ಕು ಹಾಳೆ, ನಾಲ್ಕು ಮುಖ.

"ಅಜ್ಜೀ, ಎಲ್ಲಾ ಸರಿಯಾಗಿದೆ! ಮಾವ ಸರಿಯಾದದ್ದೇ ತಂದಿದಾನೆ!" ಇಂಚರ ನಕ್ಕಳು. ಕೊಟ್ರಮ್ಮನಿಗೆ ಬೈಯೋಕೆ ಏನೂ ಸಿಗಲಿಲ್ಲ. ಕಣ್ಣು ಒರೆಸ್ಕೊಂಡಳು.

ಹುಡುಗಿ ಪುಸ್ತಕದ ಮೊದಲ ಸಾಲು ಓದಿದಳು: "ಮೊದಲು ಅವರನ್ನು ಒಳಗೆ ಕರೆಯಿರಿ."

ಹಾಲೇಶ ಎದ್ದ. ಬೀದಿ ಬಾಗಿಲು ತೆರೆದ. "ಬನ್ನಿ, ಬನ್ನಿ, ಒಳಗೆ ಬನ್ನಿ!"

ಬೀದೀಲಿ ಯಾರೂ ಇರಲಿಲ್ಲ. ಬಾಗಿಲ ಪರದೆ ಸರಿಯಿತು. ಮತ್ತೆ ಸರಿಯಿತು. ಮತ್ತೆ. ಮತ್ತೆ. ನಾಲ್ಕು ಬೆತ್ತದ ಕುರ್ಚಿ, ಒಂದರ ಹಿಂದೆ ಒಂದು, ಕಿರ್ ಅಂದವು. ಆಟೋ ಸದ್ದು, ಕಾಗೆ ಸದ್ದು ಎಲ್ಲಾ ನಿಂತುಹೋಯ್ತು. ಹಾಳೆ ಮೇಲಿನ ಮುಖಗಳು ಇರಲಿಲ್ಲ. ಬರೀ ಬಿಳಿ ಹಾಳೆ. ದಾಳ ತಾನಾಗೇ ಉರುಳಿ, ಇಂಚರಳ ಮುಂದೆ ನಿಂತಿತು.

"ಅಜ್ಜೀ, ನನ್ನ ಕಾಲು ಯಾರೋ ಮುಟ್ತಿದಾರೆ."

ಕೊಟ್ರಮ್ಮ ಮಗನನ್ನ ಕೂಗಿದಳು. "ಹಾಲೇಶಾ! ಹೊಸದಾಗಿ ಬಂದೋರನ್ನೆಲ್ಲ ಹೊರಗೆ ಕಳಿಸೋ! ಒಬ್ಬರನ್ನೂ ಬಿಡಬೇಡ!"

"ಸರಿ ಅವ್ವಾ, ಹಂಗೇ ಮಾಡ್ತೀನಿ."

ಖಾಲಿ ಕುರ್ಚಿಗಳ ಮುಂದೆ ಕೈ ಕಟ್ಟಿ ನಿಂತ. "ನೀವು ಈ ಮನೆಗೆ ಯಾವಾಗ ಬಂದ್ರಿ?" ಕಿವಿಗೊಟ್ಟ. ತಲೆಯಾಡಿಸಿದ. ಆಮೇಲೆ ಇಂಚರಳನ್ನ ಎತ್ತಿ ಹೊರಗಿನ ಜಗಲಿ ಮೇಲೆ ಕೂರಿಸಿದ. ಅವ್ವನ ರಟ್ಟೆ ಹಿಡಿದು ಹೊರಗೆ ತಂದ. ಕೊನೆಗೆ ತಾನೂ ಬಂದು ಬಾಗಿಲು ಎಳ್ಕೊಂಡ.

"ಏನೋ ಮಾಡಿದೆ ಪೆದ್ದೇ! ನಮ್ಮನ್ನೇ ಹೊರಗೆ ಹಾಕಿದೀಯಲ್ಲೋ!"

"ನಾವು ಈ ಬಾಡಿಗೆ ಮನೆಗೆ ಬಂದು ಮೂರು ವರ್ಷ. ಅವರು ಈ ಮನೆಗೆ ಬಂದು ನಲವತ್ತು ವರ್ಷ ಆಯ್ತಂತೆ, ನಡುವೆ ಯಾರೋ ಪೆಟ್ಟಿಗೇಲಿ ಮುಚ್ಚಿಟ್ಟಿದ್ರಂತೆ. ಹೊಸಬರು ನಾವೇ ಅಲ್ವಾ ಅವ್ವಾ?"

"ಬೀಗದ ಕೈ ಎಲ್ಲೋ?"

"ಕೇಳಿದ್ರು. ಕೊಟ್ಟೆ."

ಒಳಗಿಂದ ಚಿಲಕ ಬಿತ್ತು.