ಪಾವಟೆ ಮಾಸ್ತರು ಕಾಯ್ದ ಮೌನ

“ಮತ್ತ ಬಾಗಿಲು ಬಡದ್ರು! ಒಂದು ಹಾಡು ಪೂರ್ತಿ ಹಾಡಾಕ ಬಿಡೂದಿಲ್ಲ!” ಎಂದು ಮಹಾನಂದಾ ಗಿಟಾರ್ ಕೆಳಗಿಟ್ಟಳು. ಸ್ಟುಡಿಯೋಗೆ ದುಡ್ಡಿಲ್ಲದೆ, ಬಾಡಿಗೆ ಕೋಣೆಯ ಗೋಡೆಗೆಲ್ಲ ಕೌದಿ ಕಟ್ಟಿ ತನ್ನ ಮೊದಲ ಆಲ್ಬಮ್ ರೆಕಾರ್ಡ್ ಮಾಡುತ್ತಿದ್ದಳು. ಉಳಿದದ್ದು ಮಗಳಿಗಾಗಿ ಕಟ್ಟಿದ ಜೋಗುಳ ಒಂದೇ. ಎರವಲು ಮೈಕನ್ನು ಸಂಜೆಯೇ ಹಿಂದಿರುಗಿಸಬೇಕಿತ್ತು.

ಬಾಗಿಲಲ್ಲಿ ಮನೆಯ ಮಾಲೀಕರು, ನಿವೃತ್ತ ಡ್ರಿಲ್ ಮಾಸ್ತರ ಪಾವಟೆ. “ಈ ಗದ್ದಲ ಬಂದ್ ಮಾಡ್ರಿ, ಇಲ್ಲಾಂದ್ರ ಮನಿ ಖಾಲಿ ಮಾಡ್ರಿ!”

“ಗದ್ದಲ ನಂದಲ್ರಿ ಸರ್, ಓಣೀದು. ನೀವು ಸೀಟಿ ಊದಿದ್ರ ಇಡೀ ಸಾಲಿ ಗಪ್ ಆಗ್ತಿತ್ತಂತ. ಈಗ ಆ ದರ್ಪ ಎಲ್ಲೈತಿ ಬಿಡ್ರಿ.”

ಮಾಸ್ತರ ಮೀಸೆ ಕುಣಿಯಿತು. ಸೀಟಿ ಹಿಡಿದು ಓಣಿಗಿಳಿದರು. ತರಕಾರಿಯವನನ್ನು ಅಟ್ಟಿದರು. ಪಕ್ಕದ ಮನೆಯ ಕುಕ್ಕರಿಗೂ ಸೀಟಿ ಹೊಡೆಯಬೇಡವೆಂದು ಗದರಿದರು. ಕೋಣೆಯಲ್ಲಿದ್ದ ಅವಳ ಮಗಳು ಪುಟ್ಟ ಮಲ್ಲಿಯನ್ನೂ ಹೊರಗೊಯ್ದು, ತುಟಿಗೆ ಬೆರಳಿಡಿಸಿ ಕಟ್ಟೆಯ ಮೇಲೆ ಕೂರಿಸಿದರು. ಮಹಾನಂದಾ ಒಳಗೊಳಗೇ ನಗುತ್ತ ಬಾಗಿಲು ಹಾಕಿಕೊಂಡಳು.

ಹಾಡು ಕನ್ನಡಿಯ ಹಾಗೆ ಶುಭ್ರವಾಗಿ ಬಂತು. “ಆಲ್ಬಮ್ ಮ್ಯಾಲೆ ಬರೀರಿ: ಮೌನ ಕಾಯ್ದವರು ಪಾವಟೆ ಮಾಸ್ತರ!” ಎಂದು ಮಾಸ್ತರು ಬೀಗಿದರು. ಅವಳು ಬರೆದಳು.

ಮೈಕ್ ವಾಪಸ್ ಹೋದ ಮೇಲೆ ಮಗಳಿಗೆ ಹಾಡು ಕೇಳಿಸಿದಳು. ದಿನಾ ಜೋಗುಳದ ಸಾಲುಸಾಲಿಗೂ “ಹೂಂ” ಎನ್ನುತ್ತಿದ್ದ ಮಲ್ಲಿ ಇವತ್ತು ಸುಮ್ಮನೆ ಕೇಳಿದಳು. ಹಾಡಿನಲ್ಲಿ ತನ್ನ “ಹೂಂ” ಎಲ್ಲೂ ಕೇಳದೆ, ಮುಗಿದ ಮೇಲೆ ತಾಯಿಯ ಸೆರಗು ಜಗ್ಗಿದಳು.

“ಅವ್ವಾ, ಇದರಾಗ ನೀ ಯಾರನ್ನ ಮಲಗಸಾಕತ್ತಿ?”