ಎಫ್ ಅಕ್ಷರದ ಪರೀಕ್ಷೆ

"ಎ ಇಂದ ಜೆಡ್‌ವರೆಗೆ ಇಂಗ್ಲಿಷ್ ಕೋಶವೆಲ್ಲ ನನಗೆ ಬಾಯಿಪಾಠ, ಮಹಾಪ್ರಭು. ಯಾವ ಪದ ಬೇಕಾದರೂ ಕೇಳಿ. ಅರ್ಥ ಹೇಳಿದರೆ ದುಭಾಷಿ ಕೆಲಸ ನನಗೆ ಕೊಡಬೇಕು."

ಕರಿಕಲ್ಲುಕೋಟೆಯ ದೊರೆ ರುದ್ರಪ್ಪ ನಾಯಕರ ಮುಂದೆ ಹೀಗೆ ಜಂಬ ಕೊಚ್ಚಿದವನು ಪರವೂರಿನ ಶೇಷಾಚಲ ಪಂಡಿತ. ಹೆಗಲಿಂದ ನೆಲದವರೆಗೆ ಶಾಲು.

"ಡಾಗ್ ಎಂದರೇನು?" ದೊರೆ ಕೇಳಿದರು. ಅವರಿಗೆ ಗೊತ್ತಿದ್ದದ್ದೇ ಅದೊಂದು ಪದ.

"ನಡುವೆ ಯಾರೂ ಬಾಯಿ ಬಿಡಬಾರದು, ಸರಣಿ ತಪ್ಪುತ್ತದೆ" ಎಂದು ಪಂಡಿತ ಕಣ್ಣು ಮುಚ್ಚಿ ಗುನುಗತೊಡಗಿದ. ದೊರೆ ಒಂದು ವೀಳ್ಯ ಜಗಿದು ಮುಗಿಸಿದ ಮೇಲೆ, "ನಾಯಿ" ಎಂದ.

ದೊರೆಗೆ ಬಹಳ ಹಿಡಿಸಿತು. "ಗುಂಡೂರಾಯರೇ, ನಾಳೆಯಿಂದ ನೀವು ಮನೆಯಲ್ಲಿ ಆರಾಮಾಗಿರಿ."

ಹಳೆಯ ದುಭಾಷಿ ಗುಂಡೂರಾಯರ ಮುಖ ಬಾಡಿತು. ಪಾಪ, ಅವರು ಕೋಶ ಕಂಡವರಲ್ಲ. ಸಾಹೇಬರ ಹಿಂದೆ ಶಿಕಾರಿಗೆ ಅಲೆದಲೆದು ಭಾಷೆ ಕಲಿತವರು. ಈ ವಯಸ್ಸಿನಲ್ಲಿ ಅವರಿಗೆ ಕೆಲಸ ಕೊಡುವವರು ಯಾರು?

ಆಸ್ಥಾನದ ಚತುರ ಪುಟ್ಟರಸಯ್ಯ ಪಂಡಿತನ ಪಕ್ಕದಲ್ಲೇ ನಿಂತಿದ್ದ. ಆ ಗುನುಗು ಅವನ ಕಿವಿಗೆ ಬಿದ್ದಿತ್ತು. 'ಡೇ ಎಂದರೆ ಹಗಲು, ಡೆತ್ ಎಂದರೆ ಸಾವು...' ಏಳೆಂಟಲೆ ಎಷ್ಟೆಂದರೆ ಏಳೊಂದಲೆ ಏಳರಿಂದ ಮಗ್ಗಿ ಶುರುಮಾಡುವ ಮಕ್ಕಳ ಹಾಗೆ.

"ಪ್ರಭುಗಳು ಒಪ್ಪಿದರೆ ಇನ್ನೊಂದೇ ಪದ. ರಾಯರೇ ಕೇಳಲಿ" ಎಂದ ಪುಟ್ಟರಸಯ್ಯ. ದೊರೆ ತಲೆಯಾಡಿಸಿದರು.

ಪುಟ್ಟರಸಯ್ಯ ರಾಯರ ಕೈಗೆ ನೀರು ತುಂಬಿದ ಬಿಂದಿಗೆ ಕೊಟ್ಟ. ಸಾಂಬ್ರಾಣಿಯ ಕೆಂಡದ ತಟ್ಟೆಯನ್ನು ಕಾಲಿನಿಂದ ಮೆಲ್ಲಗೆ ಪಂಡಿತನ ಶಾಲಿನ ಅಂಚಿಗೆ ಸರಿಸಿದ. ಹೊಗೆ ಎದ್ದಿತು.

ರಾಯರು ಗಾಬರಿಯಾಗಿ, "ಫೈರ್, ಪಂಡಿತರೇ, ಫೈರ್" ಎಂದರು.

"ಸುಲಭ" ಎಂದು ಪಂಡಿತ ಕಣ್ಣು ಮುಚ್ಚಿದ. ಈ ಸಲ ಗಟ್ಟಿಯಾಗಿಯೇ ಹೇಳಿದ. "ಫೇಸ್ ಎಂದರೆ ಮುಖ. ಫ್ಯಾಕ್ಟ್ ಎಂದರೆ ನಿಜ. ಫಾಲ್ ಎಂದರೆ ಬೀಳು..."

ಶಾಲಿನ ಕುಚ್ಚು ಹತ್ತಿಕೊಂಡಿತು. ಸಭೆ ತುಟಿ ಕಚ್ಚಿ ಕುಳಿತಿತು. ಬಾಯಿ ಬಿಡಬಾರದೆಂದು ಪಂಡಿತನೇ ಹೇಳಿದ್ದನಲ್ಲ.

"ಫಾದರ್ ಎಂದರೆ ತಂದೆ. ಫಿಯರ್ ಎಂದರೆ ಭಯ. ಫೈಟ್ ಎಂದರೆ ಜಗಳ..."

ಬೆಂಕಿ ಮೊಣಕಾಲಿನ ಹತ್ತಿರ ಬಂತು.

"ಫೈಂಡ್ ಎಂದರೆ ಹುಡುಕಿ ಪಡೆ. ಫಿಂಗರ್ ಎಂದರೆ ಬೆರಳು. ಫಿನಿಶ್ ಎಂದರೆ ಮುಗಿಸು..."

ರಾಯರಿಗೆ ತಡೆಯಲಾಗಲಿಲ್ಲ. ತಮ್ಮ ಅನ್ನ ಕಸಿಯಲು ಬಂದವನೆಂಬುದನ್ನೂ ಮರೆತು ಇಡೀ ಬಿಂದಿಗೆಯನ್ನು ಅವನ ಮೇಲೆ ಸುರಿದರು.

ಪಂಡಿತ ಕಣ್ಣು ಬಿಟ್ಟು ಕೆರಳಿದ. "ಸರಣಿ ಕೆಡಿಸಿದಿರಲ್ಲ ರಾಯರೇ! ಇನ್ನೊಂದು ಪದ ದಾಟಿದ್ದರೆ ಅರ್ಥ ಹೇಳಿಬಿಡುತ್ತಿದ್ದೆ."

"ನಿಜ ಸ್ವಾಮಿ," ಎಂದು ಪುಟ್ಟರಸಯ್ಯ ಸುಟ್ಟ ಕುಚ್ಚನ್ನು ಎತ್ತಿ ತೋರಿಸಿದ. "ಆದರೆ ನೀವು ಬೆಂಕಿಗೆ ಬರುವಷ್ಟರಲ್ಲಿ ಬೆಂಕಿಯೇ ನಿಮ್ಮ ಹತ್ತಿರ ಬಂದಿತ್ತು."

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕರು. ರಾಯರ ಕೆಲಸ ರಾಯರಿಗೇ ಉಳಿಯಿತು. ದೊರೆ ತಮ್ಮ ಹೆಗಲ ಶಾಲನ್ನೇ ಪಂಡಿತನಿಗೆ ಹೊದಿಸಿ, "ಶಾಲಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ?" ಎಂದು ಸುಮ್ಮನೆ ಕೇಳಿದರು.

ಪಂಡಿತ ಕಣ್ಣು ಮುಚ್ಚಿದ.

"ಪ್ರಭು," ಎಂದ ಪುಟ್ಟರಸಯ್ಯ, "ಅಷ್ಟರಲ್ಲಿ ನಾವೆಲ್ಲ ಊಟ ಮಾಡಿ ಬರೋಣ."