ಬಾಳವ್ವನ ಸೂಜಿ, ರಾಚಯ್ಯನ ಕಷಾಯ

ಬಹಳ ಹಿಂದೆ, ಎಷ್ಟು ಹಿಂದೆ ಎಂದು ಹೇಳುವವರು ಯಾರೂ ಉಳಿದಿಲ್ಲ, ಕರಿಮಣ್ಣಿನ ಸೀಮೆಯಲ್ಲಿ ಒಂದೂರಿತ್ತಂತೆ. ಆ ಊರಲ್ಲಿ ಹಳೇ ಬಟ್ಟೆ ಜೋಡಿಸಿ ಕೌದಿ ಹೊಲಿಯುವ ಬಾಳವ್ವ ಇದ್ದಳಂತೆ. ನೆತ್ತರು ತಲೆಗೇರಿ, ಕಣ್ಣು ಕೆಂಪಾಗಿ, ಕಿವಿ ಗುಂಯ್ ಎನ್ನುವವರು ಬಂದರೆ ಗೋಡೆಗೆ ಒರಗಿಸಿ ಕೂರಿಸುತ್ತಿದ್ದಳಂತೆ. ಕಾಯಿಸಿದ ಸಣ್ಣ ಸೂಜಿಗಳನ್ನು ಕೈಗೆ, ಮೊಣಕಾಲ ಕೆಳಗೆ ಚುಚ್ಚಿ, ತಾನು ಕೌದಿಯ ಒಂದು ಸಾಲು ಹೊಲಿದು ಮುಗಿಸುವವರೆಗೆ ಮಾತಾಡಬೇಡಿ ಅನ್ನುತ್ತಿದ್ದಳಂತೆ. ಸಾಲು ಮುಗಿಯುವಷ್ಟರಲ್ಲಿ ನೆತ್ತರು ಇಳಿಯುತ್ತಿತ್ತಂತೆ. ಸತ್ತವನೊಬ್ಬ ಎದ್ದು ಕೂತ ಎಂದೂ ಹೇಳುತ್ತಾರೆ. ಎದ್ದವನ ಹೆಸರು ಮಾತ್ರ ಯಾರಿಗೂ ನೆನಪಿಲ್ಲ.

ಅದೇ ಊರಲ್ಲಿ ವೈದ್ಯ ರಾಚಯ್ಯನೂ ಇದ್ದ. ಮೂವತ್ತು ವರ್ಷ ಬೇರು ಕುಟ್ಟಿ ಇದೇ ರೋಗಕ್ಕೆ ಕಷಾಯ ಕಾಸಿದವ. ಸೂಜಿ ಚುಚ್ಚಿಸಿಕೊಳ್ಳುವವರೂ ಅವನ ಕಷಾಯ ಒಯ್ಯುತ್ತಿದ್ದರು, ಕುಡಿಯುತ್ತಿದ್ದರು. ಗುಣವಾದರೆ ಸೂಜಿಗೆ ಕೈಮುಗಿಯುತ್ತಿದ್ದರು. ಬಾಳವ್ವನ ಕಟ್ಟೆ ಅವನ ಕಿಟಕಿಗೆ ಎದುರು. ಅಲ್ಲಿ ಕೂತವರನ್ನು ಅವನು ದಿನಾ ಎಣಿಸುತ್ತಿದ್ದನಂತೆ. ಒಮ್ಮೆ ಅವನ ಹೆಂಡತಿಯೇ ಊಟ ಬಡಿಸುತ್ತ, ಬಾಳವ್ವನ ಕೈ ಎಷ್ಟು ಹಗುರ ಎಂದಳಂತೆ. ಅಂದು ರಾಚಯ್ಯ ರೊಟ್ಟಿ ಮುಟ್ಟಲಿಲ್ಲವಂತೆ.

ಹೊಟ್ಟೆಕಿಚ್ಚಿಗೆ ಕಷಾಯವಿಲ್ಲ. ಊರ ಗೌಡ ಚನವೀರಪ್ಪನೂ ಸೂಜಿ ಚುಚ್ಚಿಸಿಕೊಳ್ಳುತ್ತಾನೆಂದು ತಿಳಿದ ದಿನದಿಂದ, ಗೌಡನ ಮನೆಯಿಂದ ಬರುವ ಗಿಂಡಿಗೆ ರಾಚಯ್ಯ ಬೇರಿನ ಕಷಾಯ ಹಾಕುವುದನ್ನೇ ಬಿಟ್ಟ. ಕಹಿಗೆ ಬೇವು, ಬಣ್ಣಕ್ಕೆ ಬೆಲ್ಲ. ಯುಗಾದಿ ಇನ್ನೂ ದೂರವಿತ್ತು. ಸೂಜಿಯ ಬಂಡವಾಳ ಬಯಲಾಗಲಿ ಎಂದಷ್ಟೇ ಅವನ ಆಸೆ. ಹದಿನೈದು ದಿನಕ್ಕೆ ಗೌಡನ ಬಾಯಿ ಸೊಟ್ಟಗಾಯಿತು, ಬಲಗೈ ಜೋತುಬಿತ್ತು.

ಗೌಡನ ಮಕ್ಕಳು ಊರನ್ನು ಚಾವಡಿಗೆ ಕರೆದರು. ಸೂಜಿಯಿಂದಲೇ ಹೀಗಾಯಿತು, ಬಾಳವ್ವ ಊರು ಬಿಡಬೇಕು ಎಂದರು. ರಾಚಯ್ಯ ಕಂಬಕ್ಕೆ ಒರಗಿ ಕೂತಿದ್ದ. ಸುಮ್ಮನಿದ್ದರೆ ಸಾಕಿತ್ತು.

ಬಾಳವ್ವ ಸೆರಗು ಹೊದ್ದು ನಿಂತಳು. "ನಾ ಸೂಜಿ ಚುಚ್ಚಿ ಸುಮ್ನ ಕುಂದರಸ್ತಿದ್ದೆ ಯಪ್ಪಾ. ಕುಂತ್ರ ಜೀವ ತಣ್ಣಗ ಆಗ್ತಿತ್ತು. ನೆತ್ತರ ಇಳಸ್ತಿದ್ದದ್ದು ರಾಚಯ್ಯ ಅಯ್ನೋರ ಕಷಾಯ. ಅದನ್ನ ಬಿಟ್ಟವರಿಗೆ ನಾ ಸೂಜಿ ಚುಚ್ಚಂಗಿಲ್ಲ ಅಂತ ಎಲ್ಲಾರಿಗೂ ಹೇಳೀನಿ."

ಮೂವತ್ತು ವರ್ಷ ಕೇಳಲು ಕಾದಿದ್ದ ಮಾತು. ಕೇಳಿ ರಾಚಯ್ಯನ ಮೈ ಉರಿಯಿತಂತೆ. ಹೊಗಳಿಕೆಯೂ ಅವಳ ಬಾಯಿಂದಲೇ ಬರಬೇಕೆ?

ಗೌಡನ ಹಿರಿಮಗ ನಕ್ಕ. "ನಮ್ಮಪ್ಪ ಅದನ್ನೂ ಕುಡೀತಿದ್ದ. ಹಂಗಾರ ಅಯ್ನೋರ ಕಷಾಯನೂ ಬಚ್ಚಲ ನೀರ ಅನ್ನು."

ಅದೊಂದನ್ನು ರಾಚಯ್ಯನಿಗೆ ತಡೆಯಲಾಗಲಿಲ್ಲ. "ನನ್ನ ಕಷಾಯ ಕುಡದಿದ್ರ ನಿಮ್ಮಪ್ಪ ಬೀಳ್ತಿದ್ದಿಲ್ಲಲೇ. ಅಂವಗ ನಾ ಕೊಟ್ಟಿದ್ದು ಬೇವು-ಬೆಲ್ಲದ ನೀರು."

ಕೊನೆಗೆ ಊರು ಬಿಟ್ಟವನು ರಾಚಯ್ಯ. ಹೋಗುವಾಗ ಬೇರು ಯಾವುದು, ಎಷ್ಟು ಕಾಸಬೇಕು ಎಂದು ಬಾಳವ್ವನಿಗೇ ಹೇಳಿ ಹೋದನಂತೆ. ಬೇರೆಯವರು ಕೆಡಿಸಿಯಾರು ಎಂಬ ಹೆದರಿಕೆ. ಗೌಡನ ಕೈ ಮತ್ತೆ ಏಳಲಿಲ್ಲ.

ಈಗಲೂ ಆ ಊರಲ್ಲಿ ನೆತ್ತರು ಏರಿದವರು ಸೋಮವಾರ ಬೆಳಿಗ್ಗೆ ಕೌದಿಗೊಂದು ಸೂಜಿ ಚುಚ್ಚಿ, ಕೈಮುಗಿದು, ಒಂದು ಬಟ್ಟಲು ಕಷಾಯ ಕುಡಿಯುತ್ತಾರೆ. ಪೇಟೆಯ ಡಾಕ್ಟರ ಗುಳಿಗೆ ನುಂಗುವವರೂ ಕುಡಿಯುತ್ತಾರೆ. ಅದಕ್ಕೆ ಬಾಳವ್ವನ ಕಷಾಯ ಎಂದು ಹೆಸರು.